ರಕ್ತ ಬಾರದ ಒಸಡು

ಹಲ್ಲಿನ ಕೆಲಸದಲ್ಲಿ ಒಂದು ತೊಂದರೆ ಇದೆ. ಬಾಯಿ ತೆರೆದ ಮನುಷ್ಯ ಮಾತಾಡಲಾರ. ಆದರೂ ನಾವು ಅವನು ಬಾಯಿ ತೆರೆದಾಗಲೇ ಪ್ರಶ್ನೆ ಕೇಳುತ್ತೇವೆ. ಅವನು ಆ, ಊ ಅನ್ನುತ್ತಾನೆ. ನಮಗೆ ತಿಳಿದಂತೆ ನಾವು ಬರೆದುಕೊಳ್ಳುತ್ತೇವೆ. ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಬೀದರಿನ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಕೇಳಿದಾಗ ನನಗೆ ಮೊದಲು ಹೊಳೆದದ್ದು ಇದು.

ನಾನು ಡಾಕ್ಟರಲ್ಲ. ಕಮಠಾಣದಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಹಲ್ಲಿನ ಡಾಕ್ಟರಿಗೆ ಉಪಕರಣ ಎತ್ತಿಕೊಡುವ ಸಹಾಯಕನಾಗಿ ಸೇರಿದವನು. ಇಪ್ಪತ್ತೆರಡು ವರ್ಷ ಒಬ್ಬರೇ ಡಾಕ್ಟರ ಜೊತೆ ನಿಂತೆ. ಕುರ್ಚಿಯ ಬಲಕ್ಕೆ ಶಕುಂತಲಾ ಮೇಡಂ, ಎಡಕ್ಕೆ ನಾನು. ಮೇಡಂ ಈ ವರ್ಷ ಯುಗಾದಿಗೆ ಎಂಟು ದಿನ ಮೊದಲು ತೀರಿಕೊಂಡರು. ಬರೆಯಲು ಕೂತರೆ ಅವರನ್ನು ಬಿಟ್ಟು ಬೇರೇನೂ ಬರುತ್ತಿಲ್ಲ. ಆದ್ದರಿಂದ ಅವರ ಬಗ್ಗೆ, ನಾನು ಮಾಡಿದ ಒಂದು ತಪ್ಪಿನ ಬಗ್ಗೆ, ಆ ತಪ್ಪಿಗೆ ಸಿಕ್ಕಿದ ಒಬ್ಬ ಟ್ರಂಪೆಟ್ ಊದುವವನ ಬಗ್ಗೆ ಬರೆಯುತ್ತೇನೆ.

ನಮ್ಮದು ಒಂದು ಧರ್ಮಾರ್ಥ ಸಂಸ್ಥೆಯ ವ್ಯಾನು. ಒಳಗೆ ಒಂದು ಕುರ್ಚಿ, ಒಂದು ದೀಪ, ತಲೆಯ ಮೇಲೆ ನೀರಿನ ಟಾಕಿ. ಜನ ಅದನ್ನು ಹಲ್ಲಿನ ಗಾಡಿ ಅನ್ನುತ್ತಿದ್ದರು. ವಾರದ ಮೊದಲ ದಿನ ಬೀದರಿನಲ್ಲಿ, ನಂತರ ಮೂರು ದಿನ ಭಾಲ್ಕಿ ಕಡೆ, ಉಳಿದ ಎರಡು ದಿನ ಔರಾದ ಕಡೆ. ಮೇಡಂ ಡ್ರೈವರನ ಪಕ್ಕ ಕೂತು ಊಟದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಹಿಂದೆ ಇಟ್ಟರೆ ಪುಂಡಿಪಲ್ಯಕ್ಕೆ ಔಷಧದ ವಾಸನೆ ಹತ್ತುತ್ತದೆ ಎಂಬುದು ಅವರ ದೂರು. ಅದು ನಿಜವೇ. ರೊಟ್ಟಿ ಮಾತ್ರ ಯಾವಾಗಲೂ ಎರಡು ಹೆಚ್ಚು ಇರುತ್ತಿದ್ದವು. ಅವು ನನಗೆ ಎಂದು ಅವರು ಒಂದು ದಿನವೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಿನ್ನುತ್ತಿದ್ದೆ.

ಮಳೆ ಎರಡು ವರ್ಷ ಕೈಕೊಟ್ಟಾಗ ನಮ್ಮ ಕೆಲಸದ ರೀತಿಯೂ ಬದಲಾಯಿತು. ಹಲ್ಲು ಸ್ವಚ್ಛ ಮಾಡುವ ಯಂತ್ರ ನೀರು ಚಿಮ್ಮಿಸುತ್ತಲೇ ಕೆಲಸ ಮಾಡುತ್ತದೆ. ಔರಾದ ಹತ್ತಿರದ ಒಂದು ಹಳ್ಳಿಯಲ್ಲಿ ಗಾಡಿ ನಿಲ್ಲಿಸಿದ್ದೆವು. ಎದುರಿಗೇ ಟ್ಯಾಂಕರಿಗಾಗಿ ಕೊಡಗಳ ಸಾಲು. ಬಾಗಿಲು ತೆರೆದಿತ್ತು. ಒಬ್ಬ ಹೆಂಗಸು ಒಳಗೆ ಇಣುಕಿ ನೋಡಿ, "ಯವ್ವಾ, ಮಂದಿ ಕುಡಿಲಾಕ ಸಾಯ್ಲಾಕತ್ಯಾರ, ಇಲ್ಲಿ ನೋಡು, ಒಬ್ಬಾಂವ ಹಲ್ಲಿಗಿ ಜಳಕ ಮಾಡಸ್ಲಾಕತ್ತಾನ" ಅಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಕುರ್ಚಿಯಲ್ಲಿದ್ದವನು ನಾಚಿಕೆಯಿಂದ ಬಾಯಿ ಮುಚ್ಚಿಬಿಟ್ಟ. ಮೇಡಂ ಅಲ್ಲಿಯೇ ಯಂತ್ರ ಬಂದ್ ಮಾಡಿದರು.

"ಮಾಣಿಕರಾವ, ಹಳೇ ಕೈ ಸಾಮಾನ ಎಲ್ಲಿ ಇಟ್ಟೀರಿ?"

"ಕೆಳಗಿನ ಡಬ್ಬ್ಯಾಗ ಅವರಿ ಮೇಡಂ. ಜಂಗ ಹಿಡದಿರಬೇಕು."

"ತಿಕ್ಕರಿ. ಇನ್ನ ಮಳಿ ಬರೋ ತನಕ ಕೈಲೇ ಮಾಡಾಮು."

ಅಂದಿನಿಂದ ಅವರು ಕೈಯಿಂದ ಕೆರೆಯುವ ಸಲಾಕೆಗಳಲ್ಲೇ ಎಲ್ಲರ ಹಲ್ಲು ಸ್ವಚ್ಛ ಮಾಡಿದರು. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಬೇಕಾಯಿತು. ಸಂಜೆ ಅವರ ಹೆಬ್ಬೆರಳು ಮಡಚಲು ಬರುತ್ತಿರಲಿಲ್ಲ. ಒಂದು ಲಾಭವೂ ಆಯಿತು. ಯಂತ್ರದ ಸದ್ದು ಇಲ್ಲದ್ದರಿಂದ ಜನ ಮಾತಾಡತೊಡಗಿದರು.

ಮಿಶ್ರಿಯ ಅಜ್ಜಿ ಸಿಕ್ಕಿದ್ದು ಆ ದಿನಗಳಲ್ಲೇ. ಪ್ರತಿಯೊಬ್ಬರಿಗೂ ಒಂದು ಕಾರ್ಡು ಬರೆಯುವುದು ನನ್ನ ಕೆಲಸ. "ತಂಬಾಕ ತಿಂತೀರೇನಮ್ಮಾ?" ಎಂದು ಕೇಳಿದೆ.

"ಥೂ ಥೂ, ನಾವ್ಯಾಕ ತಿನ್ನಾಮಪ್ಪಾ? ಅದು ಗಂಡಸ್ರ ಚಟ."

ಇಲ್ಲ ಎಂದು ಬರೆದೆ. ಮೇಡಂ ಬಾಯಿ ನೋಡಿದರು. ಒಸಡಿನ ಅಂಚೆಲ್ಲ ಕಪ್ಪು.

"ಅವ್ವಾ, ಮುಂಜಾನಿ ಹಲ್ಲಿಗಿ ಏನ ಹಚ್ಚತೀರಿ?"

"ಮಿಶ್ರಿರಿ. ಮುಂಜಾನಿ ಒಮ್ಮಿ, ಊಟ ಆದಮ್ಯಾಲ ಒಮ್ಮಿ. ಮತ್ತ ಕೈ ಖಾಲಿ ಇದ್ದಾಗ ಒಮ್ಮಿ."

"ಮಿಶ್ರಿ ಯಾತರಲೇ ಮಾಡತೀರಿ?"

"ತಂಬಾಕ ಹಂಚಿನ ಮ್ಯಾಲ ಕರ್ರಗ ಹುರದು, ಪುಡಿ ಮಾಡೋದ್ರಿ."

"ಮತ್ತ ಈ ಅಣ್ಣಗ ತಂಬಾಕ ಇಲ್ಲ ಅಂದ್ರೆಲ್ಲ?"

ಅಜ್ಜಿ ನನ್ನ ಕಡೆ ತಿರುಗಿ, ದಡ್ಡನನ್ನು ನೋಡಿದ ಹಾಗೆ ನೋಡಿದಳು. "ತಿಂತೀಯೇನು ಅಂತ ಕೇಳ್ದ, ಇಲ್ಲ ಅಂದೆ. ಹಚ್ಚತೀಯೇನು ಅಂತ ಎಲ್ಲಿ ಕೇಳ್ದ?"

ಮೇಡಂ ಎಷ್ಟು ನಕ್ಕರೆಂದರೆ ಮುಖದ ಮಾಸ್ಕ್ ಬದಲಿಸಬೇಕಾಯಿತು. ಅಂದು ಸಂಜೆ ಕಾರ್ಡಿನಲ್ಲಿ ತಿನ್ನುವುದು, ಹಚ್ಚುವುದು, ಸೇದುವುದು ಎಂದು ಮೂರು ಸಾಲು ಮಾಡಿಸಿದರು. ಇನ್ನು ನಮ್ಮ ಕಣ್ಣು ತಪ್ಪಿಸುವವರು ಯಾರೂ ಇಲ್ಲ ಎಂದು ನನಗೆ ಒಂದು ಜಂಬ ಬಂತು.

ಬರದ ಎರಡನೆಯ ವರ್ಷ ಖಟಕ ಚಿಂಚೋಳಿಯ ಒಂದು ಶಾಲೆಯಲ್ಲಿ ಶಿಬಿರ ಇಟ್ಟೆವು. ದುಡಿಯಲು ಹೈದರಾಬಾದಿಗೂ ಪುಣೆಗೂ ಹೋದವರು ಯಾವುದೋ ಲಗ್ನಕ್ಕೋ ತಿಥಿಗೋ ಊರಿಗೆ ಬಂದಿದ್ದ ವಾರ ಅದು. ಎರಡು ದಿನದಲ್ಲಿ ಮತ್ತೆ ಹೊರಡುವವರು. ಎಲ್ಲರಿಗೂ ಅವಸರ. ಮೇಡಂ ಒಬ್ಬರೇ ಎಲ್ಲರನ್ನೂ ನೋಡಲು ಆಗದ್ದರಿಂದ ನಾನು ಹೊರಗೆ ಬೇವಿನ ಮರದ ಕೆಳಗೆ ಟಾರ್ಚು ಹಿಡಿದು ಬಾಯಿ ನೋಡಿ, ಕಾರ್ಡು ಬರೆದು, ಚೀಟಿ ಕೊಡಬೇಕು. ಕೆಂಪು ಚೀಟಿಯವರು ಒಳಗೆ ಮೇಡಂ ಹತ್ತಿರ. ಹಸಿರು ಚೀಟಿಯವರು ಮನೆಗೆ. ನನ್ನ ಲೆಕ್ಕ ಸರಳವಾಗಿತ್ತು. ಹಲ್ಲಿಗೆ ಕಲೆ ಇದೆಯೇ, ಕಡ್ಡಿ ತಾಗಿಸಿದರೆ ಒಸಡಿನಲ್ಲಿ ರಕ್ತ ಬರುತ್ತದೆಯೇ. ಎರಡೂ ಇಲ್ಲದಿದ್ದರೆ ಹಸಿರು.

ವೈಜಿನಾಥ ನನ್ನ ಮುಂದೆ ನಿಂತದ್ದು ಆ ಸಾಲಿನಲ್ಲಿ. ಇಪ್ಪತ್ತಾರು ಇಪ್ಪತ್ತೇಳರ ಹುಡುಗ, ಊರಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು. ಬರದಿಂದ ಲಗ್ನಗಳು ಮುಂದೆ ಹೋಗಿ ಬ್ಯಾಂಡು ಮೂಲೆ ಸೇರಿತ್ತು. ಅವನು ಹೈದರಾಬಾದಿನ ಒಂದು ಫಂಕ್ಷನ್ ಹಾಲಿನಲ್ಲಿ ತಟ್ಟೆ ಎತ್ತುವ ಕೆಲಸಕ್ಕೆ ಸೇರಿದ್ದ. ಬೇರೆಯವರ ಬ್ಯಾಂಡು ಕೇಳಿಕೊಂಡು ತಟ್ಟೆ ಎತ್ತುವುದು ಬಹಳ ಕಷ್ಟ ಎಂದು ಆಮೇಲೊಮ್ಮೆ ನನಗೆ ಹೇಳಿದ.

"ಕಾಕಾ, ಊದುವಾಗ ಕೆಳಗಿನ ಮುಂದಿನ ಹಲ್ಲ ಜರಾ ಝುಮ್ ಅಂತಾವರಿ" ಅಂದ.

ಟಾರ್ಚು ಹಾಕಿದೆ. ಬೆಳ್ಳನೆಯ ಹಲ್ಲು. ತಿಳಿ ಗುಲಾಬಿ ಒಸಡು. ಬಾಯಲ್ಲಿ ಪುದೀನದ ವಾಸನೆ.

"ತಂಬಾಕ, ಗುಟಕಾ?"

"ಬಿಲ್ಕುಲ್ ಇಲ್ರಿ."

"ಹಚ್ಚೋದು? ಸೇದೋದು?"

"ಸಿಗರೇಟ ಇತ್ರಿ. ಬಿಟ್ಟು ವರ್ಷ ಆತು."

ಕಡ್ಡಿ ತಾಗಿಸಿದೆ. ರಕ್ತದ ಸುಳಿವಿಲ್ಲ. ನಾನು ಅವನ ಗದ್ದ ಹಿಡಿದು ಸಾಲಿನಲ್ಲಿದ್ದವರ ಕಡೆ ತಿರುಗಿಸಿದೆ. "ನೋಡ್ರಪ್ಪಾ, ಬಾಯಿ ಅಂದ್ರ ಹಿಂಗಿರಬೇಕು! ಕಲೀರಿ ಇವನ ನೋಡಿ." ಯಾರೋ ಚಪ್ಪಾಳೆ ಕೂಡ ತಟ್ಟಿದರು. ಹಸಿರು ಚೀಟಿ ಕೊಟ್ಟೆ. ಅವನು ನಗುತ್ತ ಹೋದ.

ಹತ್ತು ತಿಂಗಳ ನಂತರ ಭಾಲ್ಕಿಯಲ್ಲಿ ಗಾಡಿ ನಿಂತಿದ್ದಾಗ ಒಬ್ಬ ಬಾಯಿಗೆ ಕರವಸ್ತ್ರ ಹಿಡಿದು ಬಂದ. ನನಗೆ ಗುರುತು ಸಿಗಲಿಲ್ಲ.

"ಕಾಕಾ, ಎಲ್ಲಾರಿಗಿ ತೋರ್ಸಿ ಚಪ್ಪಾಳಿ ಹೊಡಿಸಿದ್ರೆಲ್ಲ, ಅದೇ ಬಾಯಿರಿ ಇದು" ಅಂದ.

ಕೆಳಗಿನ ನಾಲ್ಕು ಮುಂದಿನ ಹಲ್ಲುಗಳನ್ನು ನಾಲಿಗೆಯಿಂದ ತಳ್ಳಿ ತೋರಿಸಿದ. ಅಲುಗಾಡುತ್ತಿದ್ದವು. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು, ಮುಂದೆ ಹೋದ ಲಗ್ನಗಳೆಲ್ಲ ಈಗ ಒಟ್ಟಿಗೆ ಬಂದಿದ್ದವು. ಬ್ಯಾಂಡಿನ ಮಾಲೀಕ ಅವನನ್ನು ವಾಪಸ್ ಕರೆಸಿದ್ದ. ಟ್ರಂಪೆಟ್ಟಿನ ಊದುವ ತುದಿ ತುಟಿಯ ಮೇಲೆ ಕೂತು ಮುಂದಿನ ಹಲ್ಲುಗಳ ಮೇಲೆ ಭಾರ ಹಾಕುತ್ತದೆ. ಹಲ್ಲು ನಿಂತರೆ ಅವನು ಊರಿನಲ್ಲಿ ಉಳಿಯುತ್ತಾನೆ. ಇಲ್ಲವಾದರೆ ಮತ್ತೆ ಹೈದರಾಬಾದಿನ ತಟ್ಟೆಗಳು. ಇದನ್ನೆಲ್ಲ ಅವನು ಅಳದೆ, ಆದರೆ ಒಂದೇ ಉಸಿರಿನಲ್ಲಿ ಹೇಳಿದ.

ಮೇಡಂ ಒಸಡಿನ ಆಳ ಅಳೆಯುವ ಗೀಟು ಹಾಕಿದ ತೆಳು ಕಡ್ಡಿ ತೆಗೆದುಕೊಂಡರು. ಅದು ಹಲ್ಲಿನ ಪಕ್ಕ ಇಳಿಯುತ್ತಲೇ ಹೋಯಿತು. ಗೀಟುಗಳು ಒಂದೊಂದೇ ಒಳಗೆ ಮರೆಯಾದವು. ಮೇಡಂ ಕಡ್ಡಿ ಹೊರತೆಗೆದು ದೀಪಕ್ಕೆ ಹಿಡಿದರು.

"ಮಾಣಿಕರಾವ, ಇಷ್ಟ ಆಳ ಹೋಗ್ಲಾಕತ್ತದ, ಒಂದ ಹನಿ ರಕ್ತ ಇಲ್ಲ. ಹ್ಯಾಂಗ?"

ಅವರು ಕುರ್ಚಿಯನ್ನು ನೇರ ಮಾಡಿದರು, ಕೈಗವಸು ತೆಗೆದರು, ಸ್ಟೂಲು ಎಳೆದು ಅವನ ಎದುರು ಕೂತರು. "ವೈಜಿನಾಥ, ನೀ ಎದ್ದಾಗಿಂದ ಮಲಗೋ ತನಕ ಬಾಯಿಗಿ ಏನೇನ ಹೋಗತದ, ಒಂದೊಂದೇ ಹೇಳು. ನೀರು ಸುದ್ದಾ ಬಿಡಬ್ಯಾಡ."

"ಎದ್ದ ಮ್ಯಾಲ ಚಾ ರಿ. ಆಮ್ಯಾಲ ಪೆನ್. ಆಮ್ಯಾಲ ನಾಷ್ಟಾ..."

"ತಡಿ ತಡಿ. ಯಾವ ಪೆನ್ನಪಾ?"

ಅವನು ಅಂಗಿ ಜೇಬಿನಿಂದ ಬೆರಳುದ್ದದ ಒಂದು ಕೊಳವೆ ತೆಗೆದು ಉಪಕರಣಗಳ ತಟ್ಟೆಯಲ್ಲಿ ಇಟ್ಟ. ನೋಡಲು ಬರೆಯುವ ಪೆನ್ನಿನಂತೆಯೇ ಇತ್ತು. ಅದು ಇ-ಸಿಗರೇಟು, ಜನ ಈಗ ವೇಪ್ ಅನ್ನುವುದು. ಸರ್ಕಾರ ಅದನ್ನು ನಿಷೇಧಿಸುವುದಕ್ಕೆ ಮುಂಚಿನ ಮಾತು. ಫಂಕ್ಷನ್ ಹಾಲಿನ ಜೊತೆಗಾರರು ಅವನಿಗೆ ಕಲಿಸಿದ್ದರು. ಸಿಗರೇಟಿನಿಂದ ದಮ್ಮು ಕಡಿಮೆಯಾಗುತ್ತದೆ, ಊದುವವನಿಗೆ ಇದೇ ಒಳ್ಳೆಯದು ಅಂದಿದ್ದರಂತೆ. ಅವನು ಟ್ರಂಪೆಟ್ ಉಳಿಸಿಕೊಳ್ಳಲೆಂದೇ ಸಿಗರೇಟು ಬಿಟ್ಟು ಇದನ್ನು ಹಿಡಿದಿದ್ದ.

ಮೇಡಂ ಮೂಸಿದರು. "ಮಾವಿನಹಣ್ಣಿನ ವಾಸನಿ."

"ಪುದೀನದ್ದೂ ಬರತದರಿ. ಇದು ಹೊಗಿ ಅಲ್ರಿ ಮೇಡಂ, ಹಬಿ. ನೀರಿನ ಹಬಿ."

"ನೀರಾಗಿದ್ರ ನಿನ್ನ ಬಾಯಿ ಯಾಕ ಇಷ್ಟ ಒಣಗ್ಯದ?"

"ಹೌದ್ರಿ, ಒಣಗತದ. ಅದಕ್ಕ ದಿನಾ ಪೆಪ್ಪರಮೆಂಟ ಚೀಪ್ತೀನಿ."

ಅದರ ರಸದ ಸಣ್ಣ ಶೀಸೆಯನ್ನೂ ಕೇಳಿ ಪಡೆದು, ಮೇಡಂ ಭೂತಗನ್ನಡಿ ಹಿಡಿದು ಓದಿದರು. ಮಾವಿನ ಚಿತ್ರದ ಕೆಳಗೆ ಇರುವೆಯಂಥ ಅಕ್ಷರದಲ್ಲಿ ನಿಕೋಟಿನ್ ಎಂದಿತ್ತು. ಮಿಶ್ರಿಯಲ್ಲಿ ಇದ್ದದ್ದೂ ಅದೇ. ವೈಜಿನಾಥ ಸುಳ್ಳು ಹೇಳಿರಲಿಲ್ಲ. ಇದನ್ನು ಸೇದುವುದು ಎಂದು ಅವನು ಎಣಿಸಿಯೇ ಇರಲಿಲ್ಲ.

ಮೇಡಂ ಬೀದರಿಗೆ ಹೋಗಿ, ಜೊತೆಗೆ ಓದಿದ ಒಬ್ಬ ಪ್ರಾಧ್ಯಾಪಕರನ್ನು ಕೇಳಿ ತಿಳಿದುಕೊಂಡು ಬಂದು ನನಗೂ ಬಿಡಿಸಿ ಹೇಳಿದರು. ಕಲಿಯುವವರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ನಿಕೋಟಿನ್ ಒಸಡಿನ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ರಕ್ತ ಕಡಿಮೆ ಹರಿಯುವುದರಿಂದ ರೋಗ ಬಂದ ಒಸಡು ಕೆಂಪಗೆ ಊದಿಕೊಳ್ಳುವುದಿಲ್ಲ, ಮುಟ್ಟಿದರೆ ರಕ್ತ ಒಸರುವುದೂ ಕಡಿಮೆ. ಹೊರಗೆ ಆರೋಗ್ಯ ಕಂಡರೂ ಒಳಗೆ ಹಲ್ಲು ಹಿಡಿದ ಮೂಳೆ ಕರಗುತ್ತಿರಬಹುದು. ಆ ಹಬೆ ಬಾಯಿ ಒಣಗಿಸುತ್ತದೆ. ಜೊಲ್ಲು ಕಡಿಮೆಯಾದರೆ ಹಲ್ಲಿಗೆ ಕಾವಲಿಲ್ಲ. ಸಿಹಿ ವಾಸನೆಯ ರಸ ಹಲ್ಲಿಗೆ ಅಂಟಿ ಹುಳುಕಿಗೂ ದಾರಿ ಮಾಡುತ್ತದೆ. ಸಿಗರೇಟಿನಂತೆ ಕಲೆ ಮಾಡುವುದಿಲ್ಲ, ಅಷ್ಟೆ. ವೈಜಿನಾಥನ ಹಲ್ಲು ಇದೊಂದರಿಂದಲೇ ಅಲುಗಾಡಿದವು ಎಂದು ಮೇಡಂ ಹೇಳಲಿಲ್ಲ. ಮೊದಲಿನ ಸಿಗರೇಟಿತ್ತು, ಹಲ್ಲಿನ ಒಳಗಡೆ ಕಟ್ಟಿದ ಕಲ್ಲಿನಂಥ ಪಾಚಿ ಇತ್ತು, ಮೇಲೆ ಟ್ರಂಪೆಟ್ಟಿನ ಭಾರವಿತ್ತು. ಆದರೆ ರೋಗವನ್ನು ನಮ್ಮ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟದ್ದು ನಿಕೋಟಿನ್ನೇ.

ವೈಜಿನಾಥ ಪೆನ್ ತೋರಿಸಿದ ದಿನವೇ ನಾನು ಮೇಡಂಗೆ ಹಸಿರು ಚೀಟಿಯ ಸಂಗತಿ ಹೇಳಿದ್ದೆ. ಅವನು ಝುಮ್ ಅಂದದ್ದನ್ನೂ, ಚಪ್ಪಾಳೆಯನ್ನೂ ಬಿಡದೆ ಹೇಳಿದೆ. ಅವರು ಕಾರ್ಡು ತರಿಸಿ ನೋಡಿದರು.

"ಇದರಾಗ ಪೆನ್ನಿನ ಮಾತೇ ಇಲ್ಲ. ಕಾರ್ಡ ಮಾಡ್ದಾಕಿ ನಾನು. ಅದು ನಿಮ್ಮ ತಪ್ಪಲ್ಲ."

ನನಗೆ ಸ್ವಲ್ಪ ಸಮಾಧಾನವಾಯಿತು. ಅವರು ಕಾರ್ಡು ಮಡಚಿ ನನ್ನ ಕೈಗೆ ಕೊಟ್ಟರು.

"ಆದ್ರ ಮಾಣಿಕರಾವ, ಹಲ್ಲ ಝುಮ್ ಅಂತಾವ ಅಂತ ಅವ ಬಾಯಿಬಿಟ್ಟು ಹೇಳಿದ್ನೆಲ್ಲ. ಅದು ಯಾಕ ಬರೀಲಿಲ್ಲ?"

ಅವನು ಹೇಳಿದ್ದನ್ನು ನನ್ನ ಕಣ್ಣು ಒಪ್ಪಿರಲಿಲ್ಲ. ಕಣ್ಣನ್ನೇ ನಂಬಿದೆ. ಮೇಡಂ ಮತ್ತೆ ಆ ಮಾತು ಎತ್ತಲಿಲ್ಲ. ಮರುದಿನವೂ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚು ಇದ್ದವು.

ಬೀದರಿಗೆ ಕರೆಸಿ ಎಕ್ಸ್‌ರೇ ತೆಗೆಸಿದೆವು. ನಾಲ್ಕರಲ್ಲಿ ಮೂರು ಹಲ್ಲು ಉಳಿಸಬಹುದು, ಒಂದಕ್ಕೆ ಮೂಳೆಯೇ ಇಲ್ಲ ಎಂದು ಗೊತ್ತಾಯಿತು. ಮೇಡಂ ನಾಲ್ಕು ಸಲ ಕೂರಿಸಿ ಬೇರಿನವರೆಗೆ ಸ್ವಚ್ಛ ಮಾಡಿದರು. ಉಳಿಯದ ಹಲ್ಲನ್ನು ಕಿತ್ತರು, ಆದರೆ ಬಿಸಾಡಲಿಲ್ಲ. ಅದರ ಬೇರು ಕತ್ತರಿಸಿ, ಮೇಲಿನ ಭಾಗವನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟು, ಪಕ್ಕದ ಹಲ್ಲುಗಳ ಹಿಂದೆ ತೆಳು ತಂತಿ ಹಾಯಿಸಿ, ಹಲ್ಲಿನ ಬಣ್ಣದ ಸಿಮೆಂಟಿನಿಂದ ಎಲ್ಲವನ್ನೂ ಒಂದಾಗಿ ಕೂಡಿಸಿದರು. ನಾನು ದೀಪ ಹಿಡಿದಿದ್ದೆ. ಪೆನ್ ಬಿಡಬೇಕು ಎಂದಾಗ ವೈಜಿನಾಥ ಒಪ್ಪಿಕೊಂಡು ಹೋದ.

ಮೂರು ವಾರಕ್ಕೆ ಅವನು ಎರಡು ಬಸ್ಸು ಬದಲಿಸಿ, ನಾವಿದ್ದ ಔರಾದಿಗೇ ಬಂದ. ಸಿಟ್ಟಿನಲ್ಲಿ ಮುಖ ಕಪ್ಪಿಟ್ಟಿತ್ತು.

"ಏನ್ ಮೇಡಂ ನೀವು! ನಿಮ್ಮ ಮಾತ ಕೇಳಿ ಪೆನ್ ಬಿಟ್ಟೆ. ಬಿಟ್ಟಾಗಿಂದ ಬ್ರಶ್ಶಿಗಿ ರಕ್ತ ಬರ್ಲಾಕತ್ತದ. ಸೇದ್ಲಾಕತ್ತಾಗ ಒಂದ ದಿನ ಬಂದಿದ್ದಿಲ್ಲ. ಮೊನ್ನಿ ಅಂಜಿ ಮತ್ತ ಸೇದೀನಿ."

ಮೇಡಂ ಸ್ಟೂಲಿನಿಂದ ಎದ್ದೇಬಿಟ್ಟರು. "ರಕ್ತ ಬಂತೇನು? ಖರೇ? ಬಾ ಬಾ, ತೋರ್ಸು!" ಅವನ ಬಾಯೊಳಗೆ ಕಡ್ಡಿ ತಾಗಿಸಿದರು. ಸಣ್ಣದೊಂದು ಕೆಂಪು ಗೆರೆ ಮೂಡಿತು. ಮೇಡಂ ನನ್ನನ್ನು ಕರೆದು ತೋರಿಸಿದರು. ಮೊಮ್ಮಗುವಿನ ಮೊದಲ ಹಲ್ಲು ತೋರಿಸುವವರಂತೆ ತೋರಿಸಿದರು.

"ನನ್ನ ರಕ್ತ ನೋಡಿ ನಗ್ತೀರೆಲ್ರಿ" ಅಂದ ವೈಜಿನಾಥ, ಅಳುವ ದನಿಯಲ್ಲಿ.

"ಅಯ್ಯ ಹುಚ್ಚಾ, ಕೇಳಿಲ್ಲಿ. ನಿನ್ನ ಟ್ರಂಪೆಟ್ಟಿನ ಬಾಯಾಗ ಬಟ್ಟಿ ತುರುಕಿದ್ರ ಏನಾಗತದ?"

"ಶಬ್ದ ಸಣ್ಣಗಾಗತದ."

"ಊದೋದು ನಿಲ್ಲತದೇನು?"

"ಇಲ್ರಿ. ಊದ್ಲಾಕೇ ಹತ್ತಿರ್ತೀನಿ."

"ಹಂಗೇ ಇದು. ರೋಗ ಊದ್ಲಾಕೇ ಹತ್ತಿತ್ತು. ನಿಕೋಟಿನ್ ಬಟ್ಟಿ ತುರುಕಿತ್ತು. ಬಟ್ಟಿ ತಗದಿ, ಈಗ ಕೇಳ್ಸಲಾಕತ್ತದ. ದಿನಾ ನಾ ಹೇಳ್ದಂಗ ಹಲ್ಲ ತಿಕ್ಕು. ರಕ್ತ ತಾನೇ ಕಡಿಮಿ ಆಗತದ. ಮತ್ತ ಸೇದಿದಿ ಅಂದ್ರ ನಿಂತಂಗ ಕಾಣ್ತದ, ಹಲ್ಲ ಹೋಗತಾವ."

ಅವನು ಅಂಗಿಯ ಖಾಲಿ ಜೇಬು ಮುಟ್ಟಿ ನೋಡಿಕೊಂಡ. "ಪೆನ್ ಮನ್ಯಾಗೇ ಅದರಿ" ಅಂದ ಕೊನೆಗೆ.

"ಇರ್ಲಿ ಬಿಡು. ನನಗ ತಂದು ಕೊಡೋದೇನೂ ಬ್ಯಾಡ. ಮುಂದಿನ ವಾರ ರಕ್ತ ಎಷ್ಟ ಬಂತು, ಅದನ್ನ ಹೇಳು ಸಾಕು."

ಬಿಟ್ಟ ಮೇಲೆ ಹೀಗಾಗುತ್ತದೆ ಎಂದು ನಾವು ಮೊದಲೇ ಹೇಳಬೇಕಿತ್ತು. ನೀವು ಹೇಳಿ. ಹೇಳದಿದ್ದರೆ ಬಿಟ್ಟವನು ಹೆದರಿ ಮತ್ತೆ ಅದನ್ನೇ ಹಿಡಿಯುತ್ತಾನೆ.

ಅವನು ಮತ್ತೆ ಎರಡು ಸಲ ಜಾರಿದ. ಎರಡು ಸಲವೂ ತಾನೇ ಬಂದು ಹೇಳಿದ. ಎರಡು ತಿಂಗಳಿಗೆ ಒಸಡು ಗಟ್ಟಿಯಾಯಿತು, ರಕ್ತವೂ ನಿಂತಿತು. ಈ ಸಲ ಅಳೆಯುವ ಕಡ್ಡಿ ಮೊದಲಿನಷ್ಟು ಒಳಗೆ ಹೋಗಲಿಲ್ಲ. ಮೇಡಂ ಅಂದರು: "ಇನ್ನ ಊದಿ ತೋರ್ಸು." ಅವನು ಭಾಲ್ಕಿಯಲ್ಲಿ ಹಲ್ಲಿನ ಕುರ್ಚಿಯಲ್ಲಿ ಕೂತೇ ಟ್ರಂಪೆಟ್ ಊದಿದ. ಇಡೀ ಗಾಡಿ ನಡುಗಿತು, ತಟ್ಟೆಯಲ್ಲಿದ್ದ ಕನ್ನಡಿಗಳು ಕುಣಿದವು. ಹೊರಗೆ ಸಾಲಿನಲ್ಲಿದ್ದ ಒಬ್ಬ ಹೆಂಗಸು, "ಹಲ್ಲಿನ ಗಾಡ್ಯಾಗ ಯಾರ ಲಗ್ನನೇ ಯವ್ವಾ?" ಎಂದು ಕೂಗಿದಳು. ಮೇಡಂ ಹಾಡು ಕೇಳುತ್ತಿರಲಿಲ್ಲ. ಅವನ ಕೆಳತುಟಿಯ ಪಕ್ಕ ಬೆರಳಿಟ್ಟು ತಂತಿ ಕಟ್ಟಿದ ಹಲ್ಲುಗಳು ಅಲುಗುತ್ತವೆಯೇ ಎಂದು ನೋಡುತ್ತಿದ್ದರು. ಆ ಲಗ್ನಗಳ ಕಾಲಕ್ಕೆ ಅವನು ಬ್ಯಾಂಡಿನಲ್ಲಿ ನಿಂತ. ತೀರ ಮೇಲಿನ ಸ್ವರಗಳನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟ, ಆದರೆ ನಿಂತ. ತಟ್ಟೆ ಎತ್ತಲು ಮತ್ತೆ ಹೋಗಲಿಲ್ಲ.

ಅಲ್ಲಿಂದ ನಾನು ನಿವೃತ್ತನಾಗುವವರೆಗೂ ನಮ್ಮ ಕಾರ್ಡಿನ ಮೊದಲ ಪ್ರಶ್ನೆ, ಎದ್ದಾಗಿನಿಂದ ಬಾಯಿಗೆ ಏನೇನು ಹೋಗುತ್ತದೆ ಎಂಬುದೇ. ಕುರ್ಚಿ ಮಲಗಿಸುವ ಮೊದಲೇ ಕೇಳುತ್ತಿದ್ದೆವು. ಈಗ ವೇಪ್ ನಿಷೇಧವಾಗಿದೆ. ಆದರೂ ಕದ್ದು ಸಿಗುತ್ತದೆ ಎಂದು ಕೇಳುತ್ತೇನೆ. ಕದ್ದು ಸೇದುವವನು ಇನ್ನೂ ಬೇಗ ಇಲ್ಲ ಅನ್ನುತ್ತಾನೆ. ಅವನನ್ನು ಗದರಿಸಬೇಡಿ.

ವೈಜಿನಾಥ ಆರು ತಿಂಗಳಿಗೊಮ್ಮೆ ತಪ್ಪದೆ ಮೇಡಂ ಹತ್ತಿರ ಹೋಗುತ್ತಿದ್ದ. ಅವರು ಕೆಲಸ ಬಿಟ್ಟ ಮೇಲೂ ಬೀದರಿನ ಮನೆಯ ಪಡಸಾಲೆಯಲ್ಲಿ ಕೂರಿಸಿ ಟಾರ್ಚು ಹಾಕಿ ನೋಡುತ್ತಿದ್ದರಂತೆ. ಮೇಡಂ ತೀರಿಕೊಂಡ ಸುದ್ದಿಯನ್ನು ಅವನಿಗೆ ನಾನೇ ಫೋನು ಮಾಡಿ ಹೇಳಿದೆ.

"ಕಾಕಾ," ಅಂದ, "ನನ್ನ ತಂತಿ ಇನ್ನ ಯಾರ ನೋಡ್ತಾರ್ರಿ?"

ನನಗೆ ಒಂದು ಕ್ಷಣ ಸಿಟ್ಟು ಬಂತು. ಮನುಷ್ಯರೇ ಹೋದರು, ಇವನಿಗೆ ತಂತಿಯ ಚಿಂತೆ ಎಂದುಕೊಂಡೆ. ಮರುಕ್ಷಣ, ನಾನೂ ಬೆಳಗಿನಿಂದ ಅದೇ ಬಗೆಯ ಮಾತುಗಳನ್ನೇ ಆಡುತ್ತಿದ್ದೇನೆ ಎಂದು ಗೊತ್ತಾಯಿತು. ಅವರ ಮನೆಯವರನ್ನು ನಾನು ಕೇಳಿದ ಮೊದಲ ಪ್ರಶ್ನೆ, ಅವರ ಸಲಾಕೆಗಳ ಪೆಟ್ಟಿಗೆ ಎಲ್ಲಿದೆ ಎಂದು.

ಆದ್ದರಿಂದ ಡಾಕ್ಟರೇ, ನೀವು ಕೇಳಿದ ನಾಲ್ಕು ಮಾತಿಗೆ ಬದಲಾಗಿ ಒಬ್ಬ ಮನುಷ್ಯನನ್ನು ಕಳಿಸುತ್ತಿದ್ದೇನೆ. ಬರುವ ಸೋಮವಾರ ನಾನೇ ಕರೆದುಕೊಂಡು ಬರುತ್ತೇನೆ. ಕೆಳಗಿನ ತಂತಿಯ ಎಡತುದಿಯಲ್ಲಿ ಸಿಮೆಂಟು ಸ್ವಲ್ಪ ಎದ್ದಿದೆಯಂತೆ, ನಾಲಿಗೆಗೆ ಚುಚ್ಚುತ್ತದೆ ಅನ್ನುತ್ತಾನೆ. ಟ್ರಂಪೆಟ್ ತರಲು ಹೇಳಿದ್ದೇನೆ. ಊದಿಸಿ ನೋಡದೆ ಅವನನ್ನು ಕಳಿಸಬೇಡಿ. ಮೇಡಂ ಕಳಿಸುತ್ತಿರಲಿಲ್ಲ.